ಸಂಜೆಯೊಳಗೆ ತಲುಪಬೇಕಾದ ಹೂವು: ಉಡುಪಿಯ ಮಲ್ಲಿಗೆ ದಾರಿ, ನಮ್ಮ ಸೀಮೆಯ ಹೂಗಾರರ ದಾರಿ

ತೊಗರಿ ಬೆಳೆದವರಿಗೆ ಒಂದು ಅನುಕೂಲವಿದೆ. ಧಾರಣೆ ಬಿದ್ದರೆ ಚೀಲ ಕಟ್ಟಿ ಮನೆಯಲ್ಲೋ ಗೋದಾಮಿನಲ್ಲೋ ಇಟ್ಟು ನಾಲ್ಕು ತಿಂಗಳು ಕಾಯಬಹುದು. ಜೋಳವನ್ನಂತೂ ನಮ್ಮ ಹಿರಿಯರು ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಹೂವಿಗೆ ಈ ಕಾಯುವ ಮಾತೇ ಇಲ್ಲ. ಮುಂಜಾನೆ ಕಿತ್ತ ಮಲ್ಲಿಗೆ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನಕ್ಕೆ ಬಾಡುತ್ತದೆ. ಅಷ್ಟರಲ್ಲಿ ಅದು ಹೊಲದಿಂದ ಹೊರಟು ಯಾರದೋ ಮುಡಿಗೆ, ದೇವರ ಪಟಕ್ಕೆ, ಇಲ್ಲವೆ ದರ್ಗಾದ ಚಾದರದ ಮೇಲಕ್ಕೆ ತಲುಪಿರಬೇಕು. ತಲುಪದಿದ್ದರೆ ಬೆಳೆದದ್ದೂ ಒಂದೇ, ಬೆಳೆಯದೇ ಇದ್ದದ್ದೂ ಒಂದೇ.

ಹಾಗಾಗಿ ಹೂವಿನ ಚರಿತ್ರೆ ಎಂದರೆ ಬೆಳೆಯುವ ಚರಿತ್ರೆಗಿಂತ ತಲುಪಿಸುವ ಚರಿತ್ರೆಯೇ ಹೆಚ್ಚು. ಈ ಬರಹದಲ್ಲಿ ನಾವು ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇವೆ. ಒಂದು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯದು. ಇನ್ನೊಂದು ಕರಾವಳಿಯ ಸಣ್ಣ ನಗರ ಉಡುಪಿಯದು. ಉಡುಪಿಯೇ ಏಕೆ? ನಮ್ಮೂರುಗಳಿಂದ ಕಟ್ಟಡದ ಕೆಲಸಕ್ಕೆಂದು ಉಡುಪಿ, ಮಂಗಳೂರಿಗೆ ಹೋದ ಮಂದಿ ಕಡಿಮೆ ಇಲ್ಲ. ಅಲ್ಲಿನ ಬಸ್ಸುಗಳಲ್ಲಿ ಮಲ್ಲಿಗೆಯ ಕಟ್ಟುಗಳು ಹೋಗುವುದನ್ನು ಅವರು ಕಂಡಿದ್ದಾರೆ. ಆ ಕಟ್ಟಿನ ಹಿಂದೆ ಒಂದು ಇಡೀ ವ್ಯವಸ್ಥೆ ಇದೆ.

ಮನೆ ಬಾಗಿಲಿಗೆ ಬರುತ್ತಿದ್ದ ಹೂವು

ಮೊದಲು ನಮ್ಮ ಸೀಮೆಯ ಮಾತು. ಹೂವು ಬೇಕಾಗುವ ಜಾಗಗಳು ನಮ್ಮಲ್ಲಿ ಕಡಿಮೆಯೇನಲ್ಲ. ಆಳಂದ ತಾಲೂಕಿನಲ್ಲಿ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿನ ದತ್ತಾತ್ರೇಯ ದೇವಸ್ಥಾನಕ್ಕೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಗುರುವಾರ, ಹುಣ್ಣಿಮೆ, ದತ್ತ ಜಯಂತಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಳಂದದಲ್ಲಿ ಲಾಡ್ಲೆ ಮಶಾಯಕ್ ದರ್ಗಾ ಇದೆ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಇದೆ, ಶರಣಬಸವೇಶ್ವರರ ಗುಡಿ ಇದೆ. ಆ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಹಿಂದೂ ಇರಲಿ, ಮುಸ್ಲಿಂ ಇರಲಿ, ಲಿಂಗಾಯತ ಇರಲಿ, ಹೂವು ಇಲ್ಲದೆ ಯಾರ ಪೂಜೆ, ಯಾರ ಉರುಸೂ ನಡೆಯದು.

ಹಳ್ಳಿಗಳಲ್ಲಿ ಈ ಹೂವನ್ನು ಒದಗಿಸುತ್ತಿದ್ದವರು ಹೂಗಾರರು. ಕೆಲವು ಊರುಗಳಲ್ಲಿ ಅವರನ್ನು ಜೀರರು, ಗುರವರು ಎಂದೂ ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನನ್ನು ಈ ಸಮುದಾಯ ತನ್ನ ಹಿರಿಯನೆಂದು ನೆನೆಯುತ್ತದೆ. ಮುಂಜಾನೆ ಎದ್ದು ಹೂ, ಬಿಲ್ವಪತ್ರೆ ಬಿಡಿಸಿ, ಬುಟ್ಟಿಯಲ್ಲಿಟ್ಟು, ಗುಡಿಗೂ ಲಿಂಗಪೂಜೆ ಮಾಡುವ ಮನೆಗಳಿಗೂ ತಲುಪಿಸುವುದು ಅವರ ಕಾಯಕ. ಇಂದು ‘ಹೋಮ್ ಡೆಲಿವರಿ’ ಎಂದು ಯಾವುದನ್ನು ಕರೆಯುತ್ತೇವೋ, ನಮ್ಮ ಹಳ್ಳಿಯ ಹೂಗಾರ ಅದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದ.

ಇದರಲ್ಲಿ ದಿನದ ಲೆಕ್ಕ, ದಿನದ ದರ ಇರಲಿಲ್ಲ. ವರ್ಷವಿಡೀ ಹೂವು ಕೊಟ್ಟವನಿಗೆ ರಾಶಿಯ ಕಾಲದಲ್ಲಿ ಕಣದಿಂದ ಜೋಳದ ಪಾಲು ಸಿಗುತ್ತಿತ್ತು. ಬಡಿಗ, ಕಂಬಾರ, ಕುಂಬಾರರಿಗೆ ಆಯ ಕೊಟ್ಟಂತೆ ಇದೂ ಒಂದು ಆಯ. ಹಬ್ಬ, ಮದುವೆಗಳಲ್ಲಿ ಬಾಸಿಂಗ, ದಂಡೆ ಕಟ್ಟಿಕೊಟ್ಟದ್ದಕ್ಕೆ ಬೇರೆ ಕಾಣಿಕೆ.

ಈ ಪದ್ಧತಿಯಲ್ಲಿ ಒಂದು ಭದ್ರತೆ ಇತ್ತು, ಒಂದು ಕಟ್ಟೂ ಇತ್ತು. ಹೂವು ಬಾಡಿತೆಂದು ಹೂಗಾರನ ಪಾಲು ಕಡಿಮೆಯಾಗುತ್ತಿರಲಿಲ್ಲ. ಆದರೆ ಹೂವಿಗೆ ಬೇಡಿಕೆ ಹೆಚ್ಚಿತೆಂದು ಅವನ ಪಾಲು ಬೆಳೆಯುತ್ತಲೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಕಣವೇ ಬರಿದು, ಅವನ ಚೀಲವೂ ಬರಿದು. ಜಾತಿಯಿಂದ ಬಂದ ಕೆಲಸವಾದ್ದರಿಂದ ಬಿಡುವುದೂ ಸುಲಭವಿರಲಿಲ್ಲ. ಕೂಲಿ ಹಣದ ರೂಪಕ್ಕೆ ತಿರುಗಿದಂತೆ, ಮಕ್ಕಳು ಶಾಲೆ, ಪಟ್ಟಣ ಸೇರಿದಂತೆ ಆಯ ಸಡಿಲವಾಯಿತು. ಇವತ್ತು ಹೆಚ್ಚಿನ ಹಳ್ಳಿಗಳಲ್ಲಿ ಹೂವು ಬಾಗಿಲಿಗೆ ಬರುವುದಿಲ್ಲ. ಪಟ್ಟಣಕ್ಕೆ ಹೋದವರು ತರಬೇಕು.

ಶಂಕರಪುರದ ಮುಂಜಾನೆ

ಈಗ ಕರಾವಳಿಗೆ ಬರೋಣ. ಉಡುಪಿಯಿಂದ ದಕ್ಷಿಣಕ್ಕೆ ಮಂಗಳೂರು ಹೆದ್ದಾರಿ ಹಿಡಿದರೆ ಕಟಪಾಡಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಶಂಕರಪುರ. ಈ ಊರು, ಸುತ್ತಲಿನ ಇನ್ನಂಜೆ, ಬೆಳ್ಳೆ, ಶಿರ್ವ ಮುಂತಾದ ಹಳ್ಳಿಗಳ ಮಲ್ಲಿಗೆಯೇ ಪೇಟೆಯಲ್ಲಿ ‘ಶಂಕರಪುರ ಮಲ್ಲಿಗೆ’ ಅಥವಾ ‘ಉಡುಪಿ ಮಲ್ಲಿಗೆ’. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆಗೆ ಇದಕ್ಕೂ 2007–08ರ ಸಾಲಿನಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕದ್ದೂ ಇದೇ ಮಾನ್ಯತೆ.

ಇಲ್ಲಿ ಮಲ್ಲಿಗೆ ಬೆಳೆಯುವವರು ದೊಡ್ಡ ರೈತರಲ್ಲ. ನಮ್ಮ ಹಾಗೆ ಎಕರೆ ಲೆಕ್ಕದಲ್ಲಿ ಮಾತಾಡುವುದಿಲ್ಲ, ಸೆಂಟ್ಸ್ ಲೆಕ್ಕದಲ್ಲಿ ಮಾತಾಡುತ್ತಾರೆ. ಮನೆಯಂಗಳ, ಬಾವಿಕಟ್ಟೆಯ ಸುತ್ತ, ತೋಟದ ಅಂಚಿನಲ್ಲಿ ಇಪ್ಪತ್ತೈದು, ಐವತ್ತು, ನೂರು ಗಿಡ. ಕ್ರೈಸ್ತರ ಮನೆಗಳಲ್ಲೂ ಇದೆ, ಹಿಂದೂಗಳ ಮನೆಗಳಲ್ಲೂ ಇದೆ. ಸಗಣಿ ನೀರು, ನೆನೆಸಿದ ನೆಲಗಡಲೆ ಹಿಂಡಿ ಗಿಡಕ್ಕೆ ಗೊಬ್ಬರ. ಕೆಲಸದ ಬಹುಪಾಲು ಹೆಂಗಸರದು.

ಬೆಳಗಿನ ಜಾವ ಮೊಗ್ಗು ಬಿಡಿಸುವುದರಿಂದ ಅವರ ದಿನ ಶುರು. ಮೊಗ್ಗು ಬೆಳ್ಳಗೆ ತುಂಬಿರಬೇಕು, ಆದರೆ ಬಾಯಿ ಬಿಟ್ಟಿರಬಾರದು. ಬಿಸಿಲು ಏರುವ ಮೊದಲು ಬಿಡಿಸಿ ಮುಗಿಯಬೇಕು. ಆಮೇಲೆ ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟುವುದು. ಮನೆಯಲ್ಲಿ ಇದ್ದವರೆಲ್ಲ ಕುಳಿತು ಕಟ್ಟುತ್ತಾರೆ, ಶಾಲೆಗೆ ಹೊರಟ ಮಕ್ಕಳೂ ಒಂದಷ್ಟು ಕಟ್ಟಿ ಹೋಗುತ್ತಾರೆ.

ಈ ವ್ಯಾಪಾರದ ಬೆನ್ನೆಲುಬು ಅದರ ಅಳತೆ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ಇಲ್ಲಿ ತೂಕವಿಲ್ಲ, ತಕ್ಕಡಿ ಇಲ್ಲ, ಎಣಿಕೆ ಮಾತ್ರ. ನಮ್ಮ ಸಂತೆಗಳಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದು ರೂಢಿ. ಮೊಳ ಮಾರುವವರ ಕೈಗೆ ತಕ್ಕಂತೆ, ಕಟ್ಟಿನ ಒತ್ತು ಸಡಿಲಕ್ಕೆ ತಕ್ಕಂತೆ ಬದಲಾಗುತ್ತದೆ. ಎಣಿಕೆ ಬದಲಾಗುವುದಿಲ್ಲ. ಶಂಕರಪುರದ ಚೆಂಡನ್ನು ಮಂಗಳೂರಿನ ವ್ಯಾಪಾರಿ ಬಿಚ್ಚಿ ನೋಡದೆ ಕೊಳ್ಳುತ್ತಾನೆ. ದೂರದ ಊರಿಗೆ ಕಳಿಸುವ ಸರಕಿಗೆ ಈ ನಂಬಿಕೆ ಇಲ್ಲದೆ ನಡೆಯದು.

ಮೊದಲು ಹೂವು, ಆಮೇಲೆ ದರ

ಎರಡನೆಯದು ದರ. ಬೆಳೆಗಾರರು ಮುಂಜಾನೆ ತಮ್ಮ ಊರಿನ ಕಟ್ಟೆಗೆ, ಅಂದರೆ ಏಜೆಂಟರ ಅಂಗಡಿಗೆ ಹೂವು ಒಪ್ಪಿಸುತ್ತಾರೆ. ಪುಸ್ತಕದಲ್ಲಿ ಲೆಕ್ಕ ಬರೆಯಲಾಗುತ್ತದೆ. ಆ ದಿನದ ದರ ಶಂಕರಪುರದಲ್ಲಿ ನಿಗದಿಯಾಗಿ ಎಲ್ಲ ಕಟ್ಟೆಗಳಿಗೂ ತಿಳಿಯುತ್ತದೆ. ಬಂದ ಹೂವೆಷ್ಟು, ಮದುವೆ ಕೋಲ ಜಾತ್ರೆ ಎಷ್ಟಿವೆ ಎಂಬುದರ ಮೇಲೆ ದರ ನಿಲ್ಲುತ್ತದೆ. ಒಮ್ಮೆ ನಿಂತರೆ ಆ ದಿನಕ್ಕೆ ಎಲ್ಲರಿಗೂ ಅದೇ ದರ. ಐದು ಚೆಂಡು ತಂದವರಿಗೂ ಅರ್ಧ ಚೆಂಡು ತಂದವರಿಗೂ ಭೇದವಿಲ್ಲ. ಈ ದರ ಪತ್ರಿಕೆಗಳಲ್ಲೂ ಬರುತ್ತದೆ, ಈಗ ಮೊಬೈಲಿನಲ್ಲೂ ಓಡಾಡುತ್ತದೆ.

ದರಕ್ಕೆ ಒಂದು ಮೇಲ್ಮಿತಿಯೂ ಇದೆ. ಬಹಳ ಕಾಲ ಅಟ್ಟೆಗೆ 1,250 ರೂಪಾಯಿ ಗರಿಷ್ಠವಾಗಿತ್ತು, ಈಚೆಗೆ ಅದು 2,100ಕ್ಕೆ ಏರಿದೆ. ಲೆಕ್ಕ ಹಾಕಿ ನೋಡಿ: 3,200 ಮೊಗ್ಗಿಗೆ 2,100 ರೂಪಾಯಿ ಎಂದರೆ ಒಂದು ಮೊಗ್ಗಿಗೆ ಸುಮಾರು 65 ಪೈಸೆ. ಅದೂ ಮಳೆಗಾಲ, ಚಳಿಗಾಲದಲ್ಲಿ ಹೂವು ಕಡಿಮೆ ಇದ್ದಾಗಿನ ಮಾತು. ಬೇಸಿಗೆಯಲ್ಲಿ ಗಿಡ ತುಂಬ ಹೂ ಬಿಟ್ಟಾಗ ದರ ಕುಸಿಯುತ್ತದೆ. ಮನೆಯಲ್ಲಿ ಕಟ್ಟಲು ಕೈ ಸಾಲದಷ್ಟು ಹೂವು ಬಂದ ದಿನವೇ ಕೈಗೆ ಬರುವ ಹಣ ಕಡಿಮೆ.

ಹಾಲೆಂಡ್ ದೇಶದ ಆಲ್ಸ್‌ಮೀರ್‌ನಲ್ಲಿ ಜಗತ್ತಿನ ಬಹು ದೊಡ್ಡ ಹೂವಿನ ಹರಾಜು ಇದೆ. ಅಲ್ಲಿ ಗಡಿಯಾರದಂಥ ಯಂತ್ರದ ಮುಳ್ಳು ಮೇಲಿನ ದರದಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಯಾರು ಮೊದಲು ತಡೆಯುತ್ತಾರೋ ಹೂವು ಅವರಿಗೆ. ಕೂಗಿ ಕೂಗಿ ಏರಿಸುತ್ತ ಕುಳಿತರೆ ಹೊತ್ತು ಹೋಗುತ್ತದೆ, ಹೂವು ಬಾಡುತ್ತದೆ ಎಂಬುದೇ ಅದರ ಹಿಂದಿನ ಲೆಕ್ಕ. ಶಂಕರಪುರದಲ್ಲಿ ಯಂತ್ರವಿಲ್ಲ, ಆದರೆ ಅವಸರ ಅದೇ.

ಈ ಪದ್ಧತಿಗೆ ದೋಷವಿಲ್ಲವೆಂದಲ್ಲ. ಹೂವು ಕೊಟ್ಟ ಮೇಲೆ ದರ ತಿಳಿಯುವುದರಿಂದ ‘ಈ ದರಕ್ಕೆ ಕೊಡೆ’ ಎನ್ನಲು ಬೆಳೆದವರಿಗೆ ಅವಕಾಶವಿಲ್ಲ. ಆದರೂ ಒಬ್ಬೊಬ್ಬರೇ ಬುಟ್ಟಿ ಹೊತ್ತು ಪೇಟೆಯಲ್ಲಿ ಚೌಕಾಸಿ ಮಾಡುವುದಕ್ಕಿಂತ ಇದು ಮೇಲೆಂದು ತಲೆಮಾರುಗಳ ಬೆಳೆಗಾರರು ಇದನ್ನು ಬಿಟ್ಟಿಲ್ಲ.

ಬಸ್ಸು ಕಟ್ಟಿದ ವ್ಯಾಪಾರ

ಮೂರನೆಯದು ಬಸ್ಸು. ಕರಾವಳಿಯಲ್ಲಿ ಬಸ್ಸಿನ ಚರಿತ್ರೆ ಹಳೆಯದು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಮಂಗಳೂರಿನಲ್ಲಿ ಶುರುವಾದದ್ದು 1914ರಲ್ಲಿ. ಮಂಗಳೂರಿಗೆ 1907ರಲ್ಲೇ ದಕ್ಷಿಣದಿಂದ ರೈಲು ಬಂದಿತ್ತು, ಆದರೆ ಉಡುಪಿಯ ಕಡೆಗೆ ಬರಲಿಲ್ಲ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಮೊದಲು ಬಹಳ ಕಾಲ ಉಡುಪಿಯವರಿಗೆ ಬಸ್ಸೇ ಗತಿ. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿದ್ದವು, ಪ್ರತಿ ನಿಲ್ದಾಣದಲ್ಲಿ ನಿಮಿಷ ಲೆಕ್ಕ ಹಾಕುವ ಟೈಮ್ ಕೀಪರ್ ಇರುತ್ತಿದ್ದ. ಹೂವಿಗೆ ಬೇಕಾದದ್ದು ಇದೇ. ಕಟಪಾಡಿಯಲ್ಲಿ ಬಸ್ಸಿಗೆ ಹಾಕಿದ ಕಟ್ಟು ಯಾವ ಹೊತ್ತಿಗೆ ಉಡುಪಿ, ಯಾವ ಹೊತ್ತಿಗೆ ಮಂಗಳೂರು ಮುಟ್ಟುತ್ತದೆ ಎಂದು ಮೊದಲೇ ಗೊತ್ತು. ಕಟ್ಟಿನ ಜೊತೆ ಮನುಷ್ಯ ಹೋಗಬೇಕಾಗಿಲ್ಲ. ಕಂಡಕ್ಟರ್ ಇಳಿಸುತ್ತಾನೆ, ಅಂಗಡಿಯವನು ಎತ್ತಿಕೊಳ್ಳುತ್ತಾನೆ.

ನಮ್ಮ ಕಡೆಯ ಚರಿತ್ರೆ ಬೇರೆ. ರೈಲು ನಮಗೆ ಬೇಗ ಬಂತು. ಮುಂಬೈ–ಮದ್ರಾಸ್ ಮಾರ್ಗ ಕಲಬುರಗಿಯನ್ನು ಹಾದು ರಾಯಚೂರು ಸೇರಿದ್ದು 1871ರಲ್ಲಿ. ಗಾಣಗಾಪುರದ ಹೆಸರಿನ ಸ್ಟೇಷನ್ ಕೂಡ ಆ ಮಾರ್ಗದಲ್ಲಿದೆ, ಆದರೆ ದೇವಸ್ಥಾನ ಅಲ್ಲಿಂದ ದೂರ. ಬಸ್ಸು ನಮಗೆ ಸರ್ಕಾರದಿಂದ ಬಂತು. ನಿಜಾಮ್ ಸರ್ಕಾರ 1932ರಲ್ಲಿ ತನ್ನ ರೈಲ್ವೆಯ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳಿಂದ ಶುರು ಮಾಡಿತು. ಆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ನಾವು 1956ರಲ್ಲಿ ಮೈಸೂರು ರಾಜ್ಯ ಸೇರಿದೆವು. ಸಾರಿಗೆ ಸಂಸ್ಥೆಯ ಹೆಸರು ಹಲವು ಸಲ ಬದಲಾಗಿ, 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು.

ಸರ್ಕಾರಿ ಬಸ್ಸು ಬಡವರನ್ನು ಊರೂರಿಗೆ ಮುಟ್ಟಿಸಿದೆ, ಅದು ಸಣ್ಣ ಮಾತಲ್ಲ. ಆದರೆ ಹಳ್ಳಿಗೆ ದಿನಕ್ಕೆ ಎರಡೋ ಮೂರೋ ಬಸ್ಸು ಬರುವ ಕಡೆ ಹೂವಿನ ಹೊತ್ತು ಮತ್ತು ಬಸ್ಸಿನ ಹೊತ್ತು ಕೂಡುವುದು ಕಷ್ಟ. ಮೊದಲ ಬಸ್ಸು ತಪ್ಪಿದರೆ ಎರಡನೆಯದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ನಮ್ಮ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ.

ಘಟ್ಟ ಇಳಿದು ಬರುವ ಸೇವಂತಿಗೆ

ಉಡುಪಿಗೆ ಬೇಕಾದ ಹೂವೆಲ್ಲ ಹತ್ತಿರದಿಂದಲೇ ಬರುತ್ತದೆ ಎಂದಲ್ಲ. ಚೌತಿ, ನವರಾತ್ರಿ, ದೀಪಾವಳಿ, ಕೃಷ್ಣಾಷ್ಟಮಿ ಬಂತೆಂದರೆ ರಥಬೀದಿಯ ಸುತ್ತ ಸೇವಂತಿಗೆ, ಚೆಂಡು ಹೂವಿನ ರಾಶಿ ಬೀಳುತ್ತದೆ. ಮಾರುವವರು ಹಾಸನ, ಚಿಕ್ಕಮಗಳೂರು, ಹಾವೇರಿ ಕಡೆಯ ಬಯಲುಸೀಮೆಯವರು. ಚೀಲ ತುಂಬಿ ಘಟ್ಟ ಇಳಿದು ಬಂದು, ಬೀದಿ ಬದಿಯಲ್ಲೇ ಉಂಡು ಮಲಗಿ, ಹೂವು ಖಾಲಿಯಾದ ಮೇಲೆ ಊರಿಗೆ ಮರಳುತ್ತಾರೆ. ಜೋರು ಮಳೆ ಹಿಡಿದ ವರ್ಷ ಹೂವು ಚೀಲದಲ್ಲೇ ಕೊಳೆಯುವುದೂ ಉಂಟು.

ಇಲ್ಲಿ ಹೂವಿನ ಗುಣ ಗಮನಿಸಬೇಕು. ಮಲ್ಲಿಗೆಗೆ ಒಂದು ದಿನದ ಆಯುಸ್ಸು, ಆದ್ದರಿಂದ ಅದು ಹತ್ತಿರದ ಹಳ್ಳಿಯಿಂದ ಬರಬೇಕು. ಸೇವಂತಿಗೆ, ಚೆಂಡು ಹೂವು ಎರಡು ಮೂರು ದಿನ ತಾಳುತ್ತವೆ, ಆದ್ದರಿಂದ ರಾತ್ರಿಯಿಡೀ ಲಾರಿಯಲ್ಲಿ ಬರಬಲ್ಲವು. ಯಾವ ಹೂವು ಎಲ್ಲಿ ಬೆಳೆಯಬೇಕೆಂದು ಮಣ್ಣು ಎಷ್ಟು ಹೇಳುತ್ತದೋ ದಾರಿಯೂ ಅಷ್ಟೇ ಹೇಳುತ್ತದೆ.

ಹೂವು ಹೋಗದ ಕಡೆ ಆರ್ಡರ್ ಹೋಗುತ್ತದೆ

ಕರಾವಳಿಯ ಮಂದಿ ಮುಂಬೈಗೆ ಹೋಟೆಲು ಹಾಕಲು ಹೋದರು, ಮಲ್ಲಿಗೆ ಅವರ ಹಿಂದೆಯೇ ಹೋಯಿತು. ಮೊದಲು ರಾತ್ರಿ ಬಸ್ಸು, ಆಮೇಲೆ ವಿಮಾನ. ಉತ್ತರ ಕನ್ನಡದ ಭಟ್ಕಳದಲ್ಲಿ ಇನ್ನೊಂದು ಮಲ್ಲಿಗೆ ಇದೆ, ಅಲ್ಲಿನ ನವಾಯತ ಮುಸ್ಲಿಮರ ಮದುವೆಗಳಲ್ಲಿ ವಧುವಿನ ಜಡೆಗೆ ಅದು ಬೇಕೇ ಬೇಕು. ನವಾಯತರು ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮೇಲೆ ಭಟ್ಕಳ ಮಲ್ಲಿಗೆಯೂ ಸಮುದ್ರ ದಾಟಿತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ 2006ರಲ್ಲಿ ಶುರುವಾದದ್ದು ಈ ದಾರಿಯನ್ನು ಹತ್ತಿರ ಮಾಡಿತು.

ಇದಕ್ಕೆ ಉಲ್ಟಾ ದಾರಿಯೂ ಇದೆ. ಅಮೆರಿಕದ ಕೆಲವು ಹೂ ವ್ಯಾಪಾರಿಗಳು 1910ರಲ್ಲಿ ಕೂಡಿ ಒಂದು ಒಪ್ಪಂದ ಮಾಡಿಕೊಂಡರು. ದೂರದ ಊರಿನ ನೆಂಟರಿಗೆ ಹೂವು ಕಳಿಸಬೇಕೆಂದು ಗಿರಾಕಿ ಬಂದರೆ ಹೂವನ್ನು ರೈಲಿಗೆ ಹಾಕುವುದು ಬೇಡ, ಆ ಊರಿನ ಅಂಗಡಿಗೆ ತಂತಿ ಹೊಡೆದರೆ ಸಾಕು, ಅಲ್ಲಿಯವರು ತಮ್ಮಲ್ಲಿನ ತಾಜಾ ಹೂವನ್ನೇ ಮನೆಗೆ ಮುಟ್ಟಿಸುತ್ತಾರೆ. ಹೂವು ಪ್ರಯಾಣ ಮಾಡುವುದಿಲ್ಲ, ಮಾತು ಪ್ರಯಾಣ ಮಾಡುತ್ತದೆ. ಇಂದು ದುಬೈಯಲ್ಲಿ ಕುಳಿತ ಮಗ ಉಡುಪಿಯಲ್ಲಿರುವ ತಾಯಿಯ ಹುಟ್ಟುಹಬ್ಬಕ್ಕೆ ಮೊಬೈಲಿನಲ್ಲಿ ಹಣ ಕಟ್ಟಿ ಹೂವು ಕಳಿಸುವುದೂ ಇದೇ ಲೆಕ್ಕ. ಹೂವು ಹೊರಡುವುದು ಅದೇ ಊರಿನ ಅಂಗಡಿಯಿಂದ, ಸ್ಕೂಟರಿನಲ್ಲಿ. ನಮ್ಮ ಹೂಗಾರನ ಬುಟ್ಟಿ ಹೋಗುತ್ತಿದ್ದ ಅದೇ ನಾಲ್ಕು ಓಣಿಯ ದೂರ.

ದಾರಿ ನಿಂತ ದಿನ

ದಾರಿಯೇ ಬೆಳೆ ಎಂಬುದು ಎಲ್ಲರಿಗೂ ತಿಳಿದದ್ದು 2020ರ ಮಾರ್ಚಿನಲ್ಲಿ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು, ಆ ದಿನಗಳನ್ನು ನಾವು ಮರೆತಿಲ್ಲ. ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿತು. ಕರಾವಳಿಯಲ್ಲಿ ಅದು ಮಲ್ಲಿಗೆ ಗಿಡ ತುಂಬಿ ಹೂ ಬಿಡುವ ಕಾಲ. ಮದುವೆ ಇಲ್ಲ, ಜಾತ್ರೆ ಇಲ್ಲ, ಕೋಲ ಇಲ್ಲ, ಬಸ್ಸೂ ಇಲ್ಲ. ಗಿಡಕ್ಕೆ ಲಾಕ್‌ಡೌನ್ ಗೊತ್ತಿಲ್ಲ, ಅದು ದಿನವೂ ಮೊಗ್ಗು ಬಿಟ್ಟಿತು. ಕೊಳ್ಳುವವರಿಲ್ಲದೆ ಹೂವು ಗಿಡದಲ್ಲೇ ಅರಳಿ ಉದುರಿತು.

ನಮ್ಮಲ್ಲಿ ಗುಡಿ, ದರ್ಗಾಗಳ ಮುಂದೆ ಹೂವಿನ ಬುಟ್ಟಿ ಇಟ್ಟು ಕೂರುತ್ತಿದ್ದ ಹೆಂಗಸರ ಕಥೆಯೂ ಬೇರೆಯಲ್ಲ. ತೊಗರಿ ಚೀಲ ಇದ್ದವರು ಕಾಯ್ದರು. ಹೂವು ನಂಬಿದವರಿಗೆ ಕಾಯಲು ಏನೂ ಇರಲಿಲ್ಲ.

ನಮ್ಮ ಮೂರು ತಾಲೂಕಿಗೆ ಇದರಲ್ಲಿ ಏನಿದೆ

ಶಂಕರಪುರದ ಮಲ್ಲಿಗೆಯನ್ನು ತಂದು ನಮ್ಮ ಕರಿಮಣ್ಣಿನಲ್ಲಿ ನೆಡಿರಿ ಎಂದು ನಾವು ಹೇಳುತ್ತಿಲ್ಲ. ಅಲ್ಲಿನ ಮಳೆ ಬೇರೆ, ನಮ್ಮ ಮಳೆ ಬೇರೆ. ಆದರೆ ಆ ಊರನ್ನು ನಿಲ್ಲಿಸಿದ್ದು ಹೂವಿನ ಪರಿಮಳವೊಂದೇ ಅಲ್ಲ. ಎಲ್ಲರೂ ಒಪ್ಪಿದ ಒಂದು ಎಣಿಕೆ, ಎಲ್ಲರಿಗೂ ಒಂದೇ ದರ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಈ ಮೂರೂ ಮಳೆಯಿಂದ ಬಂದದ್ದಲ್ಲ, ಮಂದಿ ಕೂಡಿ ಮಾಡಿಕೊಂಡದ್ದು.

ನಮ್ಮಲ್ಲಿ ಬೇಡಿಕೆ ದೂರದ ಮುಂಬೈಯಲ್ಲಿಲ್ಲ, ಪಕ್ಕದಲ್ಲೇ ಇದೆ. ಗಾಣಗಾಪುರದ ಗುರುವಾರ ಯಾವತ್ತು ಬರುತ್ತದೆಂದು ಎಲ್ಲರಿಗೂ ಗೊತ್ತು. ಶ್ರಾವಣದ ಸೋಮವಾರಗಳು ಗೊತ್ತು, ಉರುಸಿನ ತಾರೀಖು ಗೊತ್ತು, ಜಾತ್ರೆ ಗೊತ್ತು. ಭೀಮಾ ದಂಡೆಯ ಹಳ್ಳಿಗಳಲ್ಲಿ, ಅಮರ್ಜಾ ನೀರು ಸಿಗುವ ಕಡೆ, ಒಂದು ಬಾವಿ ಇಲ್ಲವೆ ಬೋರು ಇದ್ದವರ ಹೊಲದ ಅಂಚಿನಲ್ಲಿ ಚೆಂಡು ಹೂವು, ಸೇವಂತಿಗೆ, ಕನಕಾಂಬರ ಬೆಳೆಯಬಲ್ಲವು. ಹೀಗೆ ಬೆಳೆಯುವವರೂ ನಮ್ಮ ನಡುವೆ ಇದ್ದಾರೆ. ಆದರೆ ಒಬ್ಬೊಬ್ಬರೇ ಬುಟ್ಟಿ ಹೊತ್ತು ಪೇಟೆಗೆ ಹೋದಾಗ ದರ ಹೇಳುವವರು ಪೇಟೆಯವರೇ. ಮಧ್ಯಾಹ್ನದ ಹೊತ್ತಿಗೆ ಬಾಡಲಿರುವ ಹೂವು ಕೈಯಲ್ಲಿದ್ದಾಗ ಯಾರೂ ಜಗ್ಗಿ ನಿಲ್ಲಲಾರರು.

ಒಂದು ಊರಿನ ಹತ್ತು ಹೆಂಗಸರು ಒಂದೇ ಅಳತೆಗೆ ಕಟ್ಟಿದರೆ? ಸ್ವಸಹಾಯ ಸಂಘದ ಪುಸ್ತಕದಲ್ಲಿ ಸಾಲದ ಲೆಕ್ಕದ ಪಕ್ಕದಲ್ಲಿ ಹೂವಿನ ಲೆಕ್ಕವೂ ಬಂದರೆ? ಮೊದಲ ಬಸ್ಸಿಗೆ ಹತ್ತು ಬುಟ್ಟಿಯ ಬದಲು ಒಂದೇ ಕಟ್ಟು ಹೋದರೆ? ಸರ್ಕಾರಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಲು 2021ರಿಂದ ‘ನಮ್ಮ ಕಾರ್ಗೋ’ ಸೇವೆ ಇದೆ. ಅದು ಹಳ್ಳಿಯ ಮೊದಲ ಬಸ್ಸಿಗೆ, ಹೂವಿನಂಥ ಹಗುರ ಸರಕಿಗೆ ಸಿಗುವಂತಾಗಲಿ ಎಂದು ಗ್ರಾಮಸಭೆಯಲ್ಲಿ ಕೇಳುವುದಕ್ಕೆ ಖರ್ಚಿಲ್ಲ.

ಹೂಗಾರರ ಮನೆಗಳಲ್ಲಿ ಕಟ್ಟುವ ಕೈಚಳಕ ಇನ್ನೂ ಇದೆ. ದಂಡೆ, ಬಾಸಿಂಗ, ಚಾದರದ ಮೇಲಿನ ಜಾಲರಿ ಕಟ್ಟಬಲ್ಲ ಹಿರಿಯರು ಇದ್ದಾರೆ. ಹಳೆಯ ಆಯ ಮರಳಿ ಬರುವುದಿಲ್ಲ, ಬರಲೂ ಬಾರದು. ಜಾತಿಯ ಕಟ್ಟಿನ ಕೆಲಸ ಯಾರಿಗೂ ಬೇಡ. ಆದರೆ ಆ ಕೈಯ ಕೆಲಸಕ್ಕೆ ಮೊಗ್ಗಿನ ಎಣಿಕೆಯಷ್ಟು ಸ್ಪಷ್ಟವಾದ ಕೂಲಿ ಸಿಗಬೇಕು. ಶಂಕರಪುರದ ಹೆಂಗಸು ಸಂಜೆಗೆ ತನ್ನ ದಿನದ ಲೆಕ್ಕವನ್ನು ಪೈಸೆಗೆ ಪೈಸೆ ಹೇಳಬಲ್ಲಳು. ಗಾಣಗಾಪುರದ ಬೀದಿಯಲ್ಲಿ ಬುಟ್ಟಿ ಇಟ್ಟು ಕೂತ ನಮ್ಮ ಅವ್ವನಿಗೂ ಆ ಲೆಕ್ಕ ಹೇಳಲು ಬರುವಂತಾಗಬೇಕು.

ನಿಮ್ಮ ಊರಿನಲ್ಲಿ ಹೂವು ಎಲ್ಲಿಂದ ಬರುತ್ತದೆ, ಯಾವ ಬಸ್ಸಿಗೆ ಬರುತ್ತದೆ, ಯಾರು ಕಟ್ಟುತ್ತಾರೆ? ಈ ಶ್ರಾವಣದೊಳಗೆ ಒಮ್ಮೆ ಕೇಳಿ ನೋಡಿ.